ಪ್ರಶ್ನೆ: ಕ್ಯಾಂಪ್‌ಫೈರ್‌ನಲ್ಲಿ ಹಾಡೋಕೆ ಕಿಂಕಿ ಫ್ರೀಡ್‌ಮನ್‌ನ ಒಂದು ತಮಾಷೆ ಹಾಡು ಕಲೀತಿದೀನಿ. ಟೆಕ್ಸಸ್ ಹಾಡುಗಾರರಲ್ಲಿ ಕೀಟಲೆಯವರಿಂದ ಶುರು ಮಾಡೋದು ಸರಿಯಾ, ಇಲ್ಲ ಟೌನ್ಸ್ ವ್ಯಾನ್ ಝಾಂಟ್ ಥರದ ‘ಕವಿ’ಗಳಿಂದಲಾ?

ಉತ್ತರ: ಕಿಂಕಿ ಬೇಡ. ಯಾಕೆ ಅನ್ನೋದಕ್ಕೆ ಮೊದಲು ನನ್ನ ಮಂಗಾಟ ಕೇಳಿ.

ಪ್ರಶ್ನೆ ಓದುವಾಗ ಹತ್ತು ವರ್ಷ ಹಿಂದಿನ ನಾನೇ ಬರೆದ ಹಾಗಿತ್ತು. ಆಸ್ಟಿನ್‌ನಲ್ಲಿ ಕೆಲಸ, ಕೈಯಲ್ಲೊಂದು ಗಿಟಾರು, ನಾಲ್ಕೈದು ಕಾರ್ಡು (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ), ವಾರಾಂತ್ಯಕ್ಕೆ ಹಿಲ್ ಕಂಟ್ರಿ ಅನ್ನುವ ಗುಡ್ಡಗಾಡಿನ ಕಡೆ ಬೆಂಕಿ ಸುತ್ತ ಕೂತು ಹಾಡುವ ಒಂದು ಗುಂಪು. ಅಲ್ಲೂ ಇದೇ ಎರಡು ಪಕ್ಷ. ಟೌನ್ಸ್, ಗೈ ಕ್ಲಾರ್ಕ್ ಕವಿಗಳಂತೆ. ಕಿಂಕಿ, ಜೆರ್ರಿ ಜೆಫ್ ವಾಕರ್, ರೇ ವೈಲಿ ಹಬರ್ಡ್ ಕೀಟಲೆಯವರಂತೆ. ಉಚ್ಚಾರಣೆ ಆಚೀಚೆ ಆದರೂ ತಮಾಷೆ ಹಾಡಿಗೆ ಜನ ಕ್ಷಮಿಸುತ್ತಾರೆ ಅಂತ ನಾನೂ ಲೆಕ್ಕ ಹಾಕಿ, ಕಿಂಕಿಯ 1973ರ ‘ಸೋಲ್ಡ್ ಅಮೆರಿಕನ್’ ಆಲ್ಬಮ್ಮಿನಿಂದ ‘ರೈಡ್ ಎಮ್ ಜ್ಯೂಬಾಯ್’ ಆರಿಸಿಕೊಂಡೆ. ಹೆಸರು ನೋಡಿ ಆರಿಸಿದ್ದು. ಆ ಮನುಷ್ಯನ ಬ್ಯಾಂಡಿನ ಹೆಸರೇ ‘ಟೆಕ್ಸಸ್ ಜ್ಯೂಬಾಯ್ಸ್’. ಬಾಬ್ ವಿಲ್ಸ್‌ನ ‘ಟೆಕ್ಸಸ್ ಪ್ಲೇಬಾಯ್ಸ್’ ಹೆಸರನ್ನು ತಿರುಚಿ, ಯಹೂದಿಗಳನ್ನು ಹೀಯಾಳಿಸುವ ಪದವನ್ನು ಯಹೂದಿಯಾದ ತಾನೇ ಎದೆಗೆ ಅಂಟಿಸಿಕೊಂಡ ಹೆಸರು ಅದು. ಹಾಗಾಗಿ ಹಾಡೂ ಅದೇ ಜಾತಿಯ ಕೀಟಲೆ ಅಂದುಕೊಂಡೆ. ರೆಕಾರ್ಡಿಂಗ್ ಅರ್ಧ ಕೇಳಿದ್ದೆ, ಅದೂ ಕಾರಿನಲ್ಲಿ. ಸಾಲುಗಳನ್ನು ಹಾಳೆಯಿಂದ ಬಾಯಿಪಾಠ ಮಾಡಿದ್ದೆ, ಅರ್ಥ ಯೋಚಿಸಿರಲಿಲ್ಲ.

ಸರದಿ ಬಂತು. ‘ಈಗ ಸ್ವಲ್ಪ ನಗೋಣ’ ಅಂತ ಶುರು ಮಾಡಿದೆ. ಎರಡನೇ ಚರಣದ ಹೊತ್ತಿಗೆ ಸೌದೆ ಸಿಡಿಯುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ನನ್ನ ಎದುರು ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ಎದ್ದು, ಮಡಚುವ ಕುರ್ಚಿ ಮಡಚಿಕೊಂಡು, ಕತ್ತಲಲ್ಲಿ ನಡೆದುಹೋದರು. ಹಾಡು ಮುಗಿದ ಮೇಲೆ ಯಾರೂ ಬೈಯಲಿಲ್ಲ, ಸರದಿ ನನ್ನ ಪಕ್ಕದವನಿಗೆ ಹೋಯಿತು. ಆಮೇಲೆ ಎರಡು ಬೇಸಿಗೆ ಆ ಗುಂಪಿನಿಂದ ಕರೆ ಬರಲಿಲ್ಲ.

ಆ ಹಾಡು ಹಿಟ್ಲರನ ಕ್ಯಾಂಪುಗಳಲ್ಲಿ ಸತ್ತ ಯಹೂದಿಗಳದ್ದು.

ನಾನು ಎಲ್ಲೆಲ್ಲಿ ಎಡವಿದೆ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅದು ಬರೀ ‘ಅರ್ಥ ಗೊತ್ತಿರಲಿಲ್ಲ’ ಅನ್ನುವಷ್ಟಕ್ಕೆ ಮುಗಿಯುವುದಿಲ್ಲ. ಮೊದಲನೆಯದು ವೇಗ. ದನ ಕಾಯುವವರ ಹಾಡುಗಳಲ್ಲಿ ಒಂದು ಬಗೆ ಇದೆ, ರಾತ್ರಿ ಪಾಳಿಯಲ್ಲಿ ಕುದುರೆ ಮೇಲೆ ಹಿಂಡಿನ ಸುತ್ತ ನಿಧಾನಕ್ಕೆ ಸುತ್ತುತ್ತಾ ಹಾಡುವುದು. ದನ ಬೆದರಿ ಓಡಬಾರದು ಅಂತಲೇ ಅದು ಜೋಗುಳದ ಹಾಗೆ, ಕುದುರೆ ನಡಿಗೆಯ ಲಯದಲ್ಲಿ ಇರುತ್ತದೆ. ಕಿಂಕಿ ಎತ್ತಿಕೊಂಡದ್ದು ಆ ಅಚ್ಚನ್ನು. ನಾನು ಹಾಡಿದ್ದು ನಿಮಿಷಕ್ಕೆ 120 ಬೀಟಿನಲ್ಲಿ, ಅಂದರೆ ಅದರ ದುಪ್ಪಟ್ಟು.

ಎರಡನೆಯದು ಬಲಗೈ. ಹೆಬ್ಬೆರಳಿನಲ್ಲಿ ಒಂದು ಬೇಸ್ ತಂತಿ, ಆಮೇಲೆ ತೆಳು ತಂತಿಗಳಿಗೆ ಒಂದು ಸ್ಟ್ರಮ್ (ಒಟ್ಟಿಗೆ ಸವರುವುದು), ಮತ್ತೆ ಬೇಸ್, ಮತ್ತೆ ಸ್ಟ್ರಮ್: ಇದಕ್ಕೆ ಇಲ್ಲಿನವರು ‘ಬೂಮ್-ಚಕ್’ ಅನ್ನುತ್ತಾರೆ. ಅದು ಡಾನ್ಸ್ ಹಾಲಿನ ಟೂ-ಸ್ಟೆಪ್ ಕುಣಿತದ ಲಯ, ಇಲ್ಲಿ ಬೆಳೆದವರಿಗೆ ಅದು ಕೇಳಿದ ಕೂಡಲೇ ಕಾಲು ಅಲ್ಲಾಡುತ್ತದೆ. ಸಾವಿನ ಮನೆಯ ಹಾಡಿಗೆ ನಾನು ಮದುವೆ ಮನೆಯ ತಾಳ ಹಾಕಿದ್ದೆ.

ಮೂರನೆಯದು ಪದಗಳು. ಹಾಡಿನ ಕುಶಲತೆ ಇರುವುದು ಇಲ್ಲೇ. ಕುದುರೆಗಳು, ಅವನ್ನು ಒಟ್ಟುಗೂಡಿಸುವುದು, ಮುಂದಕ್ಕೆ ಅಟ್ಟುವುದು, ದೊಡ್ಡಿ, ಇವೆಲ್ಲ ಕೌಬಾಯ್ ಹಾಡುಗಳ ಸವೆದ ಮಾತುಗಳು. ಅವನ್ನು ಒಂದೂ ಬದಲಿಸದೆ ಇಟ್ಟಿದ್ದಾನೆ. ಕೇಳುವವನಿಗೆ ಮೊದಲು ಹುಲ್ಲುಗಾವಲು ಕಾಣುತ್ತದೆ. ನಿನ್ನ ಜೊತೆ ಎಷ್ಟು ದೂರವಾದರೂ ಬರುತ್ತೇನೆ ಅನ್ನುವಲ್ಲಿ ಆ ದೂರ ಅರವತ್ತು ಲಕ್ಷ ಮೈಲಿ ಅಂತ ಬರುತ್ತದೆ. ಹಿಟ್ಲರನ ಕಾಲದಲ್ಲಿ ಕೊಂದ ಯಹೂದಿಗಳ ಸಂಖ್ಯೆ ಅದು. ಆ ಅಂಕಿ ಬಿದ್ದ ಮೇಲೆ ಬರುವ ಒಟ್ಟುಗೂಡಿಸುವುದು, ಅಟ್ಟುವುದು ಎಲ್ಲ ಬೇರೆಯೇ ಆಗಿ ಕೇಳಿಸುತ್ತವೆ. ಕುದುರೆಗಳು ಇದ್ದ ಜಾಗದಲ್ಲಿ ಜನ ನಿಂತಿರುತ್ತಾರೆ. ಅಂಕಿ ಬರುವ ಮೊದಲೇ ‘ನಗೋಣ’ ಅಂದವನು ನಾನು. ಅಂಕಿ ಬಂದಾಗ ನನ್ನ ಮುಖದಲ್ಲಿ ಹಲ್ಲು ಕಾಣುತ್ತಿತ್ತು. ಇದಕ್ಕೆ ಏನು ಸಮಜಾಯಿಷಿ ಕೊಟ್ಟರೂ ನಡೆಯುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ. ಕೀಟಲೆಯವರು ಒಂದು ಕಡೆ, ಕವಿಗಳು ಒಂದು ಕಡೆ ಅನ್ನುವ ವಿಂಗಡಣೆಯನ್ನೇ ನಾನು ಒಪ್ಪುವುದಿಲ್ಲ. ಟೌನ್ಸ್‌ನ ‘ಲೈವ್ ಅಟ್ ದಿ ಓಲ್ಡ್ ಕ್ವಾರ್ಟರ್’ ತೆಗೆದು ನೋಡಿ. ಹ್ಯೂಸ್ಟನ್‌ನ ಸಣ್ಣ ಕ್ಲಬ್ಬು, 1973ರ ಜುಲೈ, ಒಬ್ಬ ಮನುಷ್ಯ, ಒಂದು ಗಿಟಾರು. ಡಬಲ್ ಎಲ್‌ಪಿಯಾಗಿ ಬಂದದ್ದು 1977ರಲ್ಲಿ. ಅದರಲ್ಲಿ ಹಾಡುಗಳ ಅನುಕ್ರಮ ಗಮನಿಸಿ: ‘ಫ್ರಟರ್ನಿಟಿ ಬ್ಲೂಸ್’ ಅನ್ನುವ ಕಾಲೇಜು ಹುಡುಗರ ಲೇವಡಿ, ಅದರ ಬೆನ್ನಿಗೇ ‘ಇಫ್ ಐ ನೀಡೆಡ್ ಯೂ’. ಅಗ್ಗದ ವೈನಿನ ಬಗ್ಗೆ ‘ಟಾಕಿಂಗ್ ಥಂಡರ್‌ಬರ್ಡ್ ಬ್ಲೂಸ್’, ಅದರ ಬೆನ್ನಿಗೇ ‘ರೆಕ್ಸಸ್ ಬ್ಲೂಸ್’. ನಕ್ಕಾಗ ಜನ ಉಸಿರು ಬಿಡುತ್ತಾರೆ, ಭುಜ ಇಳಿಸುತ್ತಾರೆ, ಗ್ಲಾಸು ಕೆಳಗಿಡುತ್ತಾರೆ. ಆಗ ಮೆತ್ತಗೆ ಹಾಡಿದ್ದು ಒಳಗೆ ಹೋಗುತ್ತದೆ. ನಗಿಸುವುದು ಅವನಿಗೆ ಮುಂದಿನ ಹಾಡಿಗೆ ನೆಲ ಹದ ಮಾಡುವ ಕೆಲಸ. ಇವನನ್ನು ‘ಕವಿ’ಯ ಪಟ್ಟಿಗೆ ಹಾಕಿ, ಅರವತ್ತು ಲಕ್ಷದ ಸಾಲು ಬರೆದವನನ್ನು ‘ಜೋಕರ್’ ಪಟ್ಟಿಗೆ ಹಾಕುವವರ ಜೊತೆ ಬೆಂಕಿ ಸುತ್ತ ಕೂರಬಹುದು, ವಾದ ಮಾಡಬಾರದು. ಗಾಯಕ ಸ್ಟೀವ್ ಅರ್ಲ್ ಒಮ್ಮೆ ಟೌನ್ಸೇ ಜಗತ್ತಿನ ಶ್ರೇಷ್ಠ ಗೀತರಚನಕಾರ, ಬಾಬ್ ಡಿಲನ್‌ನ ಕಾಫಿ ಟೇಬಲ್ಲಿನ ಮೇಲೆ ಬೂಟು ಹಾಕಿ ನಿಂತು ಹೇಳಬಲ್ಲೆ ಅಂದಿದ್ದ. ಅಂದಿನಿಂದ ಅಭಿಮಾನಿಗಳ ಅರ್ಧ ಜಗಳ ಆ ಟೇಬಲ್ಲಿನ ಮೇಲೇ ನಡೆಯುತ್ತಿದೆ.

ಇನ್ನರ್ಧ ಜಗಳ ‘ನಿಜವಾದ ಟೆಕ್ಸಸ್ಸಿಗ’ ಯಾರು ಅನ್ನುವುದು. ನೀವು ಹೊರಗಿನವರು ಅಂತ ಹಿಂಜರಿಯುತ್ತಿದ್ದರೆ ಇದನ್ನು ನೆನಪಿಡಿ: ಜೆರ್ರಿ ಜೆಫ್ ವಾಕರ್ ನ್ಯೂಯಾರ್ಕ್ ರಾಜ್ಯದ ಒನಿಯೊಂಟಾದವನು, ಹುಟ್ಟುಹೆಸರು ರೊನಾಲ್ಡ್ ಕ್ರಾಸ್ಬಿ. ರೇ ವೈಲಿ ಹಬರ್ಡ್ ಹುಟ್ಟಿದ್ದು ಒಕ್ಲಹೋಮಾದಲ್ಲಿ, ಕಿಂಕಿ ಶಿಕಾಗೋದಲ್ಲಿ, ಟೆರ್ರಿ ಅಲೆನ್ ಕ್ಯಾನ್ಸಸ್‌ನಲ್ಲಿ, ಬ್ಲೇಝ್ ಫೋಲಿ ಅರ್ಕನ್ಸಾದಲ್ಲಿ. ಸಂಗೀತದ ಬೇರುಗಳೂ ಹಾಗೇ: ಡಾನ್ಸ್ ಹಾಲ್‌ಗಳನ್ನು ಕಟ್ಟಿದವರು ಜರ್ಮನ್, ಚೆಕ್ ವಲಸೆಗಾರರು (ಗ್ರೀನ್ ಹಾಲ್ 1878ರದ್ದು), ಗಡಿ ಕಡೆಯ ಮೆಕ್ಸಿಕನ್ ಕುಟುಂಬಗಳು ಆ ಜನರ ಅಕಾರ್ಡಿಯನ್ನನ್ನೇ ಎತ್ತಿಕೊಂಡು ಕೊಂಹುಂತೊ ಅನ್ನುವ ಕುಣಿತದ ಸಂಗೀತ ಮಾಡಿದರು, ಹೆಬ್ಬೆರಳಿನ ಪಾಠ ಬಂದದ್ದು ನವಸೋಟಾದ ಮ್ಯಾನ್ಸ್ ಲಿಪ್ಸ್‌ಕಂಬ್, ಹ್ಯೂಸ್ಟನ್‌ನ ಲೈಟ್ನಿನ್ ಹಾಪ್ಕಿನ್ಸ್ ಅವರಂಥ ಕಪ್ಪು ಜನರಿಂದ. ಟೌನ್ಸ್ ಲೈಟ್ನಿನ್‌ನ ರೆಕಾರ್ಡುಗಳ ಮುಂದೆ ಕೂತು ಕಲಿತವನು.

ಕೀಟಲೆ ಹಾಡಿನಿಂದಲೇ ಶುರು ಮಾಡುವುದರಲ್ಲಿ ಇನ್ನೊಂದು ಅಪಾಯ ಇದೆ, ಅದು ರೇ ವೈಲಿಗೆ ಆದದ್ದು. ‘ಅಪ್ ಅಗೇನ್ಸ್ಟ್ ದ ವಾಲ್, ರೆಡ್‌ನೆಕ್ ಮದರ್’ ಅವನು ಬರೆದದ್ದು ಬಾರಿನಲ್ಲಿ ಉದ್ದಕೂದಲಿನವರನ್ನು ಕಂಡರೆ ಹೊಡೆಯಲು ಬರುವ ಗಂಡಸರನ್ನು ಗೇಲಿ ಮಾಡಿ. 1973ರ ಆಗಸ್ಟ್‌ನಲ್ಲಿ ಲಕೆನ್‌ಬಾಕ್ ಅನ್ನುವ ಪುಟ್ಟ ಊರಿನ ಡಾನ್ಸ್ ಹಾಲ್‌ನಲ್ಲಿ ಹುಲ್ಲಿನ ಕಟ್ಟುಗಳನ್ನು ಜೋಡಿಸಿ ಜೆರ್ರಿ ಜೆಫ್ ‘ವಿವಾ ತೆರ್ಲಿಂಗ್ವಾ’ ಧ್ವನಿಮುದ್ರಿಸಿದಾಗ ಈ ಹಾಡನ್ನೂ ಹಾಡಿದ. ಆಮೇಲೆ ಅದನ್ನು ಗಂಟಲು ಹರಿಯುವಂತೆ ಹಾಡಿದವರಲ್ಲಿ ಗೇಲಿಗೆ ಗುರಿಯಾದ ಗಂಡಸರೇ ಸಾಕಷ್ಟಿದ್ದರು. ಬರೆದವನಿಗೆ ವರ್ಷಗಟ್ಟಲೆ ಅದೊಂದೇ ಗುರುತು. ನಲವತ್ತು ದಾಟಿದ ಮೇಲೆ ಅವನು ಫಿಂಗರ್‌ಪಿಕಿಂಗ್ (ಬೆರಳಿನಿಂದ ತಂತಿ ಮೀಟುವುದು) ಪಾಠಕ್ಕೆ ಹೋಗಿ, ಬಲಗೈಯನ್ನೇ ಹೊಸದಾಗಿ ಕಟ್ಟಿಕೊಂಡ. ನನಗೆ ಇಷ್ಟವಾಗುವ ರೇ ವೈಲಿ ಅಲ್ಲಿಂದ ಮುಂದಿನವನು. 2006ರ ‘ಸ್ನೇಕ್ ಫಾರ್ಮ್’ ಕೇಳಿ, ನಗು ಇದೆ, ಆದರೆ ಹೆಬ್ಬೆರಳು ನಗುವುದಿಲ್ಲ.

ಹಾಗಾಗಿ ಮೊದಲು ಹೆಬ್ಬೆರಳು. ಗಿಟಾರಿಗೆ 12-53 ಗೇಜಿನ ಫಾಸ್ಫರ್ ಬ್ರಾಂಝ್ ತಂತಿ ಸಾಕು. C ಕಾರ್ಡು ಹಿಡಿಯಿರಿ. ಹೆಬ್ಬೆರಳು 5ನೇ ತಂತಿ, 4ನೇ, 6ನೇ, ಮತ್ತೆ 4ನೇ (1ನೇ ತಂತಿ ತೀರಾ ತೆಳು, 6ನೇದು ತೀರಾ ದಪ್ಪ). ನಿಮಿಷಕ್ಕೆ 60 ಬೀಟಿಗೆ ಮೆಟ್ರೊನೋಮ್ (ತಾಳ ಎಣಿಸುವ ಯಂತ್ರ) ಇಟ್ಟು, ಬೇರೆ ಬೆರಳು ತಾಗಿಸದೆ, ಹತ್ತು ನಿಮಿಷ. 6ನೇ ತಂತಿಯ ಸರದಿಗೆ ಉಂಗುರಬೆರಳು 5ನೇ ತಂತಿಯ 3ನೇ ಫ್ರೆಟ್ಟಿನಿಂದ (ಫ್ರೆಟ್ಟು ಅಂದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿ) 6ನೇ ತಂತಿಯ 3ನೇ ಫ್ರೆಟ್ಟಿಗೆ ಹಾರಬೇಕು, ಕೂಡಲೇ ವಾಪಸ್ ಬರಬೇಕು. ಎಲ್ಲರೂ ತಪ್ಪುವುದು ಇಲ್ಲೇ: ಬೆರಳು ಹಾರಿಸದಿದ್ದರೆ ಖಾಲಿ 6ನೇ ತಂತಿ E ನುಡಿದು ಬೇಸ್ ಮಸುಕಾಗುತ್ತದೆ. ಕಷ್ಟವಾದರೆ ಮೊದಲ ವಾರ 5-4-5-4 ಸಾಕು. G ಕಾರ್ಡಿಗೆ 6-4-5-4, Am ಕಾರ್ಡಿಗೆ 5-4-6-4 (ಇಲ್ಲಿ ಖಾಲಿ E ಸರಿಹೋಗುತ್ತದೆ). F ಕಾರ್ಡಿಗೆ ಒಂದೇ ಬೆರಳಿನಿಂದ ಆರೂ ತಂತಿ ಒತ್ತಲು ಹೋಗಬೇಡಿ. 1ರಿಂದ 4ನೇ ತಂತಿಯವರೆಗಿನ ಚಿಕ್ಕ F ಹಿಡಿದು 4-3-4-3 ನುಡಿಸಿ. ಈ ನಾಲ್ಕು ಕಾರ್ಡಿನಲ್ಲಿ ಟೌನ್ಸ್‌ನ ‘ಪ್ಯಾಂಚೊ ಅಂಡ್ ಲೆಫ್ಟಿ’ ಪೂರ್ತಿ ಬರುತ್ತದೆ.

ನೀವು ಮಾತಾಡುತ್ತಾ ಇದ್ದರೂ ಹೆಬ್ಬೆರಳು ಎಡವದ ಹಾಗೆ ಆದ ಮೇಲೆ ಉಳಿದ ಬೆರಳು. ಮೊದಲ ಬೀಟಿಗೆ ಹೆಬ್ಬೆರಳು ಮತ್ತು ನಡುಬೆರಳು ಒಟ್ಟಿಗೆ ಚಿವುಟಿದ ಹಾಗೆ; ಎರಡಕ್ಕೆ ಹೆಬ್ಬೆರಳು, ಅದರ ಬೆನ್ನಿಗೆ ತೋರುಬೆರಳು; ಮೂರಕ್ಕೆ ಹೆಬ್ಬೆರಳು, ಬೆನ್ನಿಗೆ ನಡುಬೆರಳು; ನಾಲ್ಕಕ್ಕೆ ಹೆಬ್ಬೆರಳೊಂದೇ. ಅಂಗೈ ಅಂಚನ್ನು ಬ್ರಿಜ್ (ಗಿಟಾರಿನ ಮೈ ಮೇಲೆ ತಂತಿ ಕಟ್ಟುವ ಮರದ ತುಂಡು) ಹತ್ತಿರ ಲಘುವಾಗಿ ಊರಿದರೆ ಬೇಸ್ ತಂತಿಗಳ ಗುಂಯ್‌ಗುಟ್ಟುವಿಕೆ ಕಡಿಮೆಯಾಗಿ ಮಾತು ಸ್ಪಷ್ಟ ಕೇಳುತ್ತದೆ. ಲೈಟ್ನಿನ್ ಶೈಲಿ ಬೇಕಿದ್ದರೆ ಬೇಸ್ ಅದಲುಬದಲು ಮಾಡಲೇಬೇಡಿ: E ಹಿಡಿದು 6ನೇ ತಂತಿಯನ್ನೇ ನಾಲ್ಕೂ ಬೀಟಿಗೆ ಬಡಿಯುತ್ತಾ, ಸಾಲು ಮುಗಿದಾಗ ತೆಳು ತಂತಿಗಳಲ್ಲಿ ಉತ್ತರ ಕೊಡುವುದು. ಆದರೆ ಅವನು ಕಾರ್ಡು ಬದಲಿಸುತ್ತಿದ್ದದ್ದು ತನಗೆ ತೋಚಿದಾಗ, ಬ್ಲೂಸ್‌ನ 12 ಬಾರ್ (ತಾಳದ ಆವರ್ತ) ಲೆಕ್ಕ ಹಿಡಿದು ಜೊತೆಗೆ ನುಡಿಸಿದವರು ಬೆಪ್ಪಾಗುತ್ತಿದ್ದರು. ಗುಂಪಿನಲ್ಲಿ ಅದು ಬೇಡ.

ನಗಿಸಲೇಬೇಕು ಅಂತಿದ್ದರೆ ಟಾಕಿಂಗ್ ಬ್ಲೂಸ್ ಕಲಿಯಿರಿ. ದಕ್ಷಿಣ ಕೆರೊಲಿನಾದ ಕ್ರಿಸ್ ಬೂಶಿಲಾನ್ 1926ರಲ್ಲಿ ರೆಕಾರ್ಡ್ ಮಾಡಿದ ಅಚ್ಚು, ವುಡಿ ಗತ್ರಿ ಮೂಲಕ ಡಿಲನ್‌ಗೂ ಟೌನ್ಸ್‌ಗೂ ಬಂತು. G, C, D7 ಸುತ್ತುತ್ತಲೇ ಇರುತ್ತವೆ. ಅದರ ಮೇಲೆ ಎರಡೆರಡು ಪ್ರಾಸದ ನಾಲ್ಕು ಸಾಲನ್ನು ಹಾಡದೆ ಮಾತಾಡುವುದು, ಆಮೇಲೆ ಪ್ರಾಸವಿಲ್ಲದ ಒಂದು ಬಾಲ, ಗೊಣಗಿದ ಹಾಗೆ. ನಗು ಬರುವುದು ಆ ಬಾಲಕ್ಕೆ. ಅದನ್ನು ಹೇಳುವಾಗ ಸ್ಟ್ರಮ್ ನಿಲ್ಲಿಸಿ ಬರೀ ಹೆಬ್ಬೆರಳು ಇಟ್ಟುಕೊಳ್ಳಿ. ಇಲ್ಲದಿದ್ದರೆ ಕೊನೆಯ ಪದದ ವ್ಯಂಜನ ತಂತಿ ಸದ್ದಿನಲ್ಲಿ ಮುಳುಗುತ್ತದೆ. ನಮ್ಮಂಥವರ ಉಚ್ಚಾರಣೆಗೆ ಇದು ಇನ್ನೂ ಮುಖ್ಯ. ಹೇಳಿದ ಮೇಲೆ ಎರಡು ಬಾರ್ ಸುಮ್ಮನೆ ಗಿಟಾರು ಓಡಲಿ. ನೀವು ನಗಬೇಡಿ. ಅವರು ನಗದಿದ್ದರೂ ಏನೂ ಆಗದವರಂತೆ ಮುಂದಿನ ಸಾಲಿಗೆ ಹೋಗಿ, ಆ ಮುಖ ನೋಡಿಯೇ ಯಾರಾದರೂ ನಗುತ್ತಾರೆ.

ಸಿದ್ಧ ಹಾಡೇ ಬೇಕಾದರೆ ಗೈ ಕ್ಲಾರ್ಕ್‌ನ ‘ಹೋಮ್‌ಗ್ರೋನ್ ಟೊಮೇಟೋಸ್’, 1983ರ ‘ಬೆಟರ್ ಡೇಸ್’ ಆಲ್ಬಮ್ಮಿನದ್ದು. ಹಿತ್ತಿಲ ಟೊಮೇಟೊ ಬಗ್ಗೆ ಹಾಡು, ಸಾದಾ ಕಾರ್ಡುಗಳು, ಪಲ್ಲವಿಗೆ ಎಲ್ಲರೂ ಸೇರುತ್ತಾರೆ, ಯಾರ ಮನಸ್ಸೂ ನೋಯುವುದಿಲ್ಲ. ಕಿಂಕಿಯದೇ ‘ದೇ ಏಂಟ್ ಮೇಕಿಂಗ್ ಜ್ಯೂಸ್ ಲೈಕ್ ಜೀಸಸ್ ಎನಿಮೋರ್’ ಮಾತ್ರ ಮುಟ್ಟಬೇಡಿ. ಅದರಲ್ಲಿ ಬಾರಿನ ಒಬ್ಬ ಜನಾಂಗದ್ವೇಷಿ ಎಲ್ಲರಿಗೂ ಬೈಯುತ್ತಾನೆ, ಕೊನೆಗೆ ಏಟು ತಿನ್ನುತ್ತಾನೆ. ಬೈಗುಳ ತಿಂದ ಸಮುದಾಯದವನೇ ಹಾಡಿದಾಗ ಅದು ತಿರುಗೇಟು. ನನ್ನ ನಿಮ್ಮ ಬಾಯಲ್ಲಿ ಬರೀ ಬೈಗುಳದ ಪಟ್ಟಿ ಕೇಳಿಸುತ್ತದೆ. ಇದರಲ್ಲಿ ‘ಕಲಾಸ್ವಾತಂತ್ರ್ಯ’ದ ವಾದ ತರುವವರು ಬರಬಹುದು, ಬರಲಿ.

ಕೇಳುವುದಕ್ಕೂ ಒಂದು ಮಾತು. ಟೌನ್ಸ್‌ನನ್ನು ಬಿಡುಗಡೆಯಾದ ವರ್ಷದ ಕ್ರಮದಲ್ಲಿ ಕೇಳಬೇಡಿ. 1968ರ ಮೊದಲ ಆಲ್ಬಮ್ಮಿನಲ್ಲಿ ಹಾಡಿನ ಮೇಲೆ ಬೇಡದ ಅಲಂಕಾರ ಹೇರಿದ್ದಾರೆ. ಅವುಗಳಲ್ಲಿ ಕೆಲವನ್ನು ಅವನೇ 1969ರಲ್ಲಿ ಮತ್ತೆ ಧ್ವನಿಮುದ್ರಿಸಿದ. ಓಲ್ಡ್ ಕ್ವಾರ್ಟರ್, ಆಮೇಲೆ ಗೈ ಕ್ಲಾರ್ಕ್‌ನ ‘ಓಲ್ಡ್ ನಂ. 1’ (1975), ‘ವಿವಾ ತೆರ್ಲಿಂಗ್ವಾ’, ಟೆರ್ರಿ ಅಲೆನ್‌ನ ‘ಲಬಕ್’ (1979), ಕೊನೆಗೆ ‘ಸೋಲ್ಡ್ ಅಮೆರಿಕನ್’. ಕಿಂಕಿ ಕೊನೆಗೆ ಯಾಕೆಂದರೆ ಅವನು ಯಾವುದನ್ನು ತಿರುಚುತ್ತಿದ್ದಾನೆ ಅಂತ ಅಷ್ಟರಲ್ಲಿ ಕಿವಿಗೆ ಗೊತ್ತಿರುತ್ತದೆ. 2006ರಲ್ಲಿ ಗವರ್ನರ್ ಚುನಾವಣೆಗೆ ನಿಂತು ಶೇ. 12ಕ್ಕಿಂತ ಸ್ವಲ್ಪ ಹೆಚ್ಚು ಮತ ಪಡೆದು ನಾಲ್ಕನೆಯವನಾದ ಅಂತ ಜನ ನೆನಪಿಟ್ಟುಕೊಂಡಿದ್ದಾರೆ, ಆ ಆಲ್ಬಮ್ಮನ್ನು ಪೂರ್ತಿ ಕೇಳಿದವರು ಕಡಿಮೆ. 2024ರ ಜೂನ್‌ನಲ್ಲಿ ತೀರಿಕೊಂಡ, ಮೆಡಿನಾ ಹತ್ತಿರದ ತನ್ನ ರ‍್ಯಾಂಚಿನಲ್ಲೇ. ಕೆರ್‌ವಿಲ್ ಫೋಕ್ ಫೆಸ್ಟಿವಲ್ ನಡೆಯುವ ಜಾಗವೂ ಮೆಡಿನಾ ಮೂಲಕ ಹೋಗುವ 16ನೇ ಹೆದ್ದಾರಿಯ ಮೇಲೇ ಇದೆ. ಮೇ ಕೊನೆಗೆ ಶುರುವಾಗಿ ದಿನಗಟ್ಟಲೆ ನಡೆಯುತ್ತದೆ, 1972ರಿಂದ ಇದೆ, ಬೆಂಕಿ ಸುತ್ತ ರಾತ್ರಿಯಿಡೀ ಹಾಡುತ್ತಾರೆ.

ಅಲ್ಲಿ ಹೋಗಲಿ, ಬೇರೆ ಕಡೆ ಹೋಗಲಿ, ಒಂದು ಹಾಡು ನಡೆಯುತ್ತಿರುವಾಗ ವೃತ್ತದೊಳಗೆ ನುಗ್ಗಬೇಡಿ, ಮುಗಿಯುವವರೆಗೆ ಕತ್ತಲಲ್ಲೇ ನಿಲ್ಲಿ. ಸರದಿಗೆ ಒಂದೇ ಹಾಡು. ಬೇರೆಯವರು ಹಾಡುವಾಗ ಕೇಳದೆ ಜೊತೆಗೆ ನುಡಿಸಬೇಡಿ. ನಿಮ್ಮ ಸರದಿಯಲ್ಲಿ ಜೊತೆಗಾರರಿಗೆ ‘C ಶೇಪ್, ಕ್ಯಾಪೊ 2, ಕೇಳುವುದು D’ ಅಂತ ಮೊದಲೇ ಹೇಳಿಬಿಡಿ (ಕ್ಯಾಪೊ ಅಂದರೆ ಗಿಟಾರಿನ ಕತ್ತಿಗೆ ಹಾಕಿ ಶ್ರುತಿ ಏರಿಸುವ ಕ್ಲಿಪ್ಪು), ನಿಮ್ಮ ಎಡಗೈ ನೋಡಿ ನುಡಿಸುವವರು ಇರುತ್ತಾರೆ. ಪೀಠಿಕೆ ಮೂವತ್ತು ಸೆಕೆಂಡು ಮೀರಬಾರದು, ಅದರಲ್ಲಿ ‘ತಮಾಷೆ’ ಅನ್ನುವ ಪದ ಬರಲೇಬಾರದು. ಫೋನು ನೋಡಿ ಹಾಡಬೇಡಿ, ಅದರ ಬೆಳಕು ಎಲ್ಲರ ಮುಖಕ್ಕೆ ಹೊಡೆಯುತ್ತದೆ.

ಗಿಟಾರನ್ನು ಮಾತ್ರ ಹಗಲು ಹೊತ್ತು ಕಾರಿನಲ್ಲಿ ಬಿಡಬೇಡಿ. ಟೆಕ್ಸಸ್ ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಅಂಟು ಮೆತ್ತಗಾಗಿ ಬ್ರಿಜ್ ಹಿಂಭಾಗದಿಂದ ಏಳುತ್ತದೆ; ಒಂದು ಕಾಗದದ ಅಂಚು ಅದರಡಿ ತೂರಿದರೆ ರಿಪೇರಿಗೆ ಕೊಡಬೇಕು ಅಂತಲೇ ಅರ್ಥ. ನೆರಳಿನಲ್ಲಿ, ಕೇಸಿನೊಳಗೆ, ತಂತಿ ಅರ್ಧ ಸ್ವರ ಸಡಿಲಿಸಿ ಇಡಿ. ರಾತ್ರಿ ತಂಪಾದ ಮೇಲೆ ಶ್ರುತಿ ಏರಿರುತ್ತದೆ, ಕ್ಯಾಪೊ ಹಾಕಿದ ಮೇಲೆ ಇನ್ನೊಮ್ಮೆ ನೋಡಿಕೊಳ್ಳಿ. ಕ್ಯಾಪೊ ಫ್ರೆಟ್ಟಿನ ಬೆನ್ನಿಗೇ ಕೂರಬೇಕು, ಹಿಂದೆ ಸರಿದರೆ ತಂತಿ ಬಗ್ಗಿ ಶ್ರುತಿ ಏರುತ್ತದೆ. ಜೇಬಿನಲ್ಲಿ ಇನ್ನೊಂದು ಕ್ಯಾಪೊ ಇರಲಿ. ಹುಲ್ಲಿನಲ್ಲಿ ಬಿದ್ದದ್ದು ಬೆಳಗಿನವರೆಗೆ ಸಿಗುವುದಿಲ್ಲ.